ನೆಲದೊಳಗೆ ಒಲೆ ಹೂಡುವ ಮುನ್ನ

ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಆ ಸೀಮೆಯ ಬೆಟ್ಟಗಳ ಕಲ್ಲನ್ನು ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ಶಿಲಾರಸ ತಣಿದು ಗಟ್ಟಿಯಾದ ಈ ಬಂಡೆಯಲ್ಲಿ ಎಣ್ಣೆ ಹುಟ್ಟುವುದಿಲ್ಲ. ಆದರೆ ಎಣ್ಣೆಯ ಹಸಿವು ಹುಟ್ಟುವುದು ಅಲ್ಲಿಯೇ. ಬಿಡದಿ ಕೈಗಾರಿಕಾ ಪ್ರದೇಶದಲ್ಲಿ 1999ರಿಂದ ಕಾರುಗಳು ತಯಾರಾಗುತ್ತಿವೆ. ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ಶೇಕಡಾ 80ಕ್ಕೂ ಹೆಚ್ಚು ಪಾಲು ಹೊರಗಿನಿಂದ ಬರುತ್ತಿರುವಾಗ, ನೆಲದಾಳದ ಕಲ್ಲನ್ನೂ ಕಲ್ಲಿದ್ದಲನ್ನೂ ಇದ್ದಲ್ಲಿಯೇ ಕಾಯಿಸಿ ಇಂಧನ ತೆಗೆಯುವ ಯೋಚನೆ ಮತ್ತೆ ಮತ್ತೆ ತಲೆಯೆತ್ತುತ್ತಿದೆ. ಪ್ರತಿ ಸಲವೂ ಅದು ಬರುವುದು 'ಇದು ಬರೀ ಪ್ರಯೋಗ' ಎಂಬ ಮಾತಿನೊಡನೆ. ಆ ಮಾತನ್ನು ಒರೆಗೆ ಹಚ್ಚಿ ನೋಡಬೇಕಾಗಿದೆ.

ಆಯಿಲ್ ಶೇಲ್ ಎಂಬ ಪದರುಗಲ್ಲಿನಲ್ಲಿ ಇರುವುದು ಸಿದ್ಧ ಎಣ್ಣೆಯಲ್ಲ, ಕೆರೋಜನ್ ಎಂಬ ಘನರೂಪದ ಜೈವಿಕ ವಸ್ತು. ಅದನ್ನು ಕಾಯಿಸಿದಾಗ ಮಾತ್ರ ಎಣ್ಣೆ ಮತ್ತು ಅನಿಲ ಹೊರಡುತ್ತವೆ. ಸ್ವೀಡನ್ನಿನ ಕ್ವಾರ್ನ್‌ಟಾರ್ಪ್‌ನಲ್ಲಿ 1940ರ ದಶಕದಲ್ಲಿಯೇ ವಿದ್ಯುತ್ತಿನಿಂದ ನೆಲದೊಳಗಿನ ಶೇಲನ್ನು ಕಾಯಿಸಿದ್ದುಂಟು. ಅಮೆರಿಕದ ಕೊಲರಾಡೊದಲ್ಲಿ ಶೆಲ್ ಕಂಪನಿ ಕೊಳವೆಬಾವಿಗಳಲ್ಲಿ ವಿದ್ಯುತ್ ಶಾಖೋತ್ಪಾದಕಗಳನ್ನು ಇಳಿಸಿ ಕಲ್ಲನ್ನು 350 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಿತು. 2004-05ರ ಪ್ರಯೋಗದಲ್ಲಿ ಸುಮಾರು 1,700 ಬ್ಯಾರೆಲ್ ಎಣ್ಣೆ ದೊರೆಯಿತು. ಅಂತರ್ಜಲ ಕೆಡದಂತೆ ಸುತ್ತಲೂ ಬಾವಿ ಕೊರೆದು, ಶೀತಲ ದ್ರವ ಹರಿಸಿ, ನೆಲದ ನೀರನ್ನೇ ಹೆಪ್ಪುಗಟ್ಟಿಸುವ ಮಂಜಿನ ಗೋಡೆಯನ್ನೂ ಅದು ಪ್ರತ್ಯೇಕವಾಗಿ ಪರೀಕ್ಷಿಸಿತು. ಒಂದೆಡೆ ಕಾಯಿಸಲು, ಇನ್ನೊಂದೆಡೆ ತಣಿಸಲು, ಎರಡಕ್ಕೂ ವಿದ್ಯುತ್ ಬೇಕು. 2013ರಲ್ಲಿ ಕಂಪನಿ ಕೊಲರಾಡೊದ ಈ ಕೆಲಸವನ್ನು ಕೈಬಿಟ್ಟಿತು. ಎಣ್ಣೆ ಬಂದರೂ 'ಬೇಡ' ಎನ್ನಲು ಸಾಧ್ಯವಾಯಿತೆಂಬುದೇ ಆ ಪ್ರಯೋಗದ ಹೆಚ್ಚುಗಾರಿಕೆ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಕಥೆ ಬೇರೆ. ಚಿಂಚಿಲ್ಲಾ ಎಂಬಲ್ಲಿ ಲಿಂಕ್ ಎನರ್ಜಿ ಕಂಪನಿ ಕಲ್ಲಿದ್ದಲನ್ನು ನೆಲದೊಳಗೇ ಉರಿಸಿ ಅನಿಲ ಮಾಡುವ ಪ್ರಯೋಗ ನಡೆಸಿತು. ಅನಿಲ ಸೋರಿ ಮಣ್ಣು ನೀರುಗಳನ್ನು ಹೊಕ್ಕಿತು. 2015ರಲ್ಲಿ 300ಕ್ಕೂ ಹೆಚ್ಚು ಚದರ ಕಿಲೋಮೀಟರ್ ಪ್ರದೇಶದ ರೈತರಿಗೆ ತಮ್ಮದೇ ಹೊಲವನ್ನು ಎರಡು ಮೀಟರಿಗಿಂತ ಆಳಕ್ಕೆ ಅಗೆಯಲು ನಿರ್ಬಂಧ ಬಂತು. 2016ರಲ್ಲಿ ಸರ್ಕಾರ ಈ ವಿಧಾನವನ್ನೇ ನಿಷೇಧಿಸಿತು. 2018ರಲ್ಲಿ ನ್ಯಾಯಾಲಯ 45 ಲಕ್ಷ ಡಾಲರ್ ದಂಡ ವಿಧಿಸಿತು. ಅಷ್ಟರಲ್ಲಿ ಕಂಪನಿ ದಿವಾಳಿಯಾಗಿ ಎರಡು ವರ್ಷ ಕಳೆದಿತ್ತು.

ಭಾರತದಲ್ಲಿಯೂ ಜಾರ್ಖಂಡಿನ ಜಾಮ್ತಾರಾ ಜಿಲ್ಲೆಯ ಕಾಸ್ತಾ ಕಲ್ಲಿದ್ದಲು ನಿಕ್ಷೇಪದಲ್ಲಿ ಇಂಥದೇ ಪ್ರಯೋಗದ ಮೊದಲ ಹಂತವನ್ನು ಕೋಲ್ ಇಂಡಿಯಾದ ಅಂಗಸಂಸ್ಥೆ 2024ರ ಜೂನ್‌ನಲ್ಲಿ ಆರಂಭಿಸಿತು. ಮೊದಲು ಕೊರೆತ ಮತ್ತು ಪರೀಕ್ಷೆ, ಬಳಿಕ ಪ್ರಾಯೋಗಿಕ ಅನಿಲೀಕರಣ ಎಂಬ ಕ್ರಮವನ್ನು ಹಾಕಿಕೊಳ್ಳಲಾಗಿದೆ. ಕ್ರಮ ಸರಿಯಾದುದೇ. ಆದರೆ ಮೊದಲ ಹಂತ ಎರಡನೆಯದನ್ನು ತಡೆಯುವ ಶಕ್ತಿ ಪಡೆದಿರಬೇಕು. ಮಲೆನಾಡಿಗರಿಗೆ ಇದು ಹೊಸ ಮಾತಲ್ಲ. ಶರಾವತಿ ಕಣಿವೆಯ 2,000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಯೋಜನೆಗಾಗಿ 2019ರಲ್ಲಿ ಅಭಯಾರಣ್ಯದೊಳಗೆ ಕೊರೆಯಲು ಒಪ್ಪಿಗೆ ಸಿಕ್ಕಾಗಲೂ 'ಬರೀ ಪರಿಶೀಲನೆ' ಎಂಬ ಸಮಾಧಾನವೇ ಕೇಳಿಬಂದಿತ್ತು. ಪರಿಶೀಲನೆಯ ಹಿಂದೆಯೇ ಯೋಜನೆಯೂ ಬಂತು.

ಪ್ರಯೋಗವೇ ಬೇಡವೆಂದರೆ ವಿಜ್ಞಾನ ಮುನ್ನಡೆಯುವುದಿಲ್ಲ. ಆದರೆ ಕೃಷಿ ಸಂಶೋಧನೆಯಲ್ಲಿ ಪ್ರಯೋಗದ ತಾಕಿನ ಪಕ್ಕದಲ್ಲಿ ಹೋಲಿಕೆಗೆಂದು ಏನೂ ಉಪಚರಿಸದ ತಾಕೊಂದನ್ನು ಬಿಡುತ್ತಾರೆ. ಬೆಳೆ ಕೆಟ್ಟರೆ ಉತ್ತು ಮತ್ತೆ ಬಿತ್ತಬಹುದು. ಕಾದ ಕಲ್ಲಿಗೆ ಮರು ಉಳುಮೆಯಿಲ್ಲ. ಕಣ್ಣೆದುರಿನ ನೀರನ್ನೇ ಕಾಪಾಡಿಕೊಳ್ಳಲಾಗದ ನಾಡು ಇದು. ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ಬಿಡದಿಯ ಬಳಿಯ ಬೈರಮಂಗಲ ಕೆರೆ ಸೇರಿ, ನೊರೆಯೆದ್ದ ನೀರನ್ನೇ ರೈತರು ಗದ್ದೆಗೆ ಹಾಯಿಸಬೇಕಾಯಿತು. ಆ ನೊರೆಯಾದರೂ ಕಾಣುತ್ತದೆ, ನಾರುತ್ತದೆ. ಇನ್ನೂರು ಮೀಟರ್ ಆಳದಲ್ಲಿ ಬಂಡೆಯ ಬಿರುಕು ಹಿಡಿದು ಹರಿಯುವ ಬೆಂಜೀನ್ ಕಾಣುವುದೂ ಇಲ್ಲ, ನಾರುವುದೂ ಇಲ್ಲ. ಬಾವಿಯ ನೀರು ಕುಡಿದವರ ಮೈಯೇ ಅದಕ್ಕೆ ಮಾಪಕವಾಗಬಾರದು.

ಆದುದರಿಂದ ನೆಲದೊಳಗೆ ಬಿಸಿಯೂಡುವ ಯಾವ ಪ್ರಯೋಗಕ್ಕೂ ನಾಲ್ಕು ಷರತ್ತುಗಳು ಇರಲೇಬೇಕು. ಕೊರೆಯುವ ಮೊದಲೇ, ಮಳೆಗಾಲ ಬೇಸಿಗೆಗಳೆರಡರಲ್ಲಿಯೂ, ಸುತ್ತಲಿನ ಬಾವಿಗಳ ನೀರನ್ನು ಪರೀಕ್ಷಿಸಿ ಫಲಿತಾಂಶವನ್ನು ಪಂಚಾಯಿತಿಯಲ್ಲಿ ಕನ್ನಡದಲ್ಲಿ ಪ್ರಕಟಿಸಬೇಕು. ಪ್ರಯೋಗವನ್ನು ನಿಲ್ಲಿಸಬೇಕಾದ ಅಳತೆಗಳನ್ನು ಮುಂಚಿತವಾಗಿ ಬರೆದಿಡಬೇಕು. ಸ್ವಚ್ಛಗೊಳಿಸುವ ಖರ್ಚನ್ನು ಮೊದಲೇ ಠೇವಣಿ ಇಡಿಸಬೇಕು. ದಿವಾಳಿಯಾದ ಕಂಪನಿಯಿಂದ ದಂಡ ವಸೂಲಾಗದು. ಬೆಂಕಿ ಆರಿದ ಮೇಲೂ ಹಲವು ವರ್ಷ ನೀರಿನ ತಪಾಸಣೆ ನಡೆಯಬೇಕು, ಅದನ್ನು ಪ್ರಯೋಗ ನಡೆಸಿದವರಲ್ಲದ ಬೇರೆಯವರು ಮಾಡಬೇಕು.

ನಾಳೆ ಯಾವ ಹಳ್ಳಿಗೆ ಕೊರೆಯುವ ಯಂತ್ರ ಬಂದರೂ ಗ್ರಾಮಸಭೆ ಕೇಳಬೇಕಾದ ಮೊದಲ ಪ್ರಶ್ನೆ ಎಷ್ಟು ಉದ್ಯೋಗ, ಎಷ್ಟು ಪರಿಹಾರ ಎಂಬುದಲ್ಲ. ಏನು ಕಂಡರೆ ಇದನ್ನು ನಿಲ್ಲಿಸುತ್ತೀರಿ, ನಿಲ್ಲಿಸುವವರು ಯಾರು? ಇದಕ್ಕೆ ಲಿಖಿತ ಉತ್ತರವಿಲ್ಲದಿದ್ದರೆ ಅದು ಪ್ರಯೋಗವಲ್ಲ, ಯೋಜನೆಯ ಆರಂಭ.