ಅಂಚು ಕಾಣದ ಬಂಡೆ

ಬನಶಂಕರಿ, ಜಯನಗರ, ಜೆ.ಪಿ. ನಗರ, ಬಿಟಿಎಂ ಬಡಾವಣೆಯ ಯುವಕರಿಗೆ ವಾರದ ರಜೆಯೆಂದರೆ ಈಗ ಬೆಟ್ಟ. ನಸುಕಿಗೆ ಹೊರಟರೆ ಬಿಸಿಲೇರುವ ಮೊದಲೇ ಸಾವನದುರ್ಗದ ಬುಡ ತಲುಪಬಹುದು. ಇಂಥ ಕಡೆ ಯಾರಾದರೂ ಜಾರಿ ಬಿದ್ದ ಸುದ್ದಿ ಬಂದಾಗಲೆಲ್ಲ ಎರಡು ಮಾತು ಕೇಳಿಬರುತ್ತವೆ: ಹುಡುಗಾಟ ಹೆಚ್ಚಾಯಿತು, ಬೆಟ್ಟಕ್ಕೆ ಬೀಗ ಹಾಕಿ. ಎರಡರಲ್ಲೂ ಬಂಡೆಯ ಗುಣದ ಪ್ರಸ್ತಾಪವೇ ಇಲ್ಲ. ಕಲ್ಲನ್ನು ಓದಲು ಕಲಿಸದೆ ಮಕ್ಕಳನ್ನು ಕಲ್ಲಿನ ಮೇಲೆ ಬಿಡುತ್ತಿದ್ದೇವೆ. ಅಪಾಯದ ಬೇರು ಇರುವುದು ಅಲ್ಲಿ.

ಸಹ್ಯಾದ್ರಿಯ ರಾಣಿಝರಿಯಂಥ ಕಡೆ ಹುಲ್ಲುಗಾವಲು ಮುಗಿದಲ್ಲಿ ಪ್ರಪಾತ ಶುರುವಾಗುತ್ತದೆ. ಕಣ್ಣಿಗೆ ಬೀಳುವ ಆ ಅಂಚೇ ಎಚ್ಚರಿಕೆ ಕೊಡುತ್ತದೆ. ನಮ್ಮ ಬಯಲುಸೀಮೆಯ ಹೆಬ್ಬಂಡೆಗಳು ಹಾಗಲ್ಲ. ರಾಮನಗರದ ಗ್ರಾನೈಟ್‌ಗೆ ಸುಮಾರು 250 ಕೋಟಿ ವರ್ಷ. ಊರಿನ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದಲೇ ಭೂವಿಜ್ಞಾನಿಗಳು ಅದನ್ನು ಗುರುತಿಸುತ್ತಾರೆ. ಆಳದಲ್ಲಿ ಹೆಪ್ಪುಗಟ್ಟಿದ ಇಂಥ ಶಿಲೆ, ಮೇಲಿನ ಭಾರ ಸವೆದುಹೋದಂತೆ ಈರುಳ್ಳಿಯ ಹಾಗೆ ಪದರಪದರವಾಗಿ ಬಿಡಿಸಿಕೊಂಡು ಗುಮ್ಮಟದ ಆಕಾರ ಪಡೆಯುತ್ತದೆ. 1,226 ಮೀಟರ್ ಎತ್ತರದ ಸಾವನದುರ್ಗದಲ್ಲೂ ಕಾಣುವುದು ಗುಮ್ಮಟವೇ. ಗುಮ್ಮಟಕ್ಕೆ ಅಂಚೆಂಬುದಿಲ್ಲ. ಇಳಿಜಾರು ಹೆಜ್ಜೆಹೆಜ್ಜೆಗೂ ತುಸು ಕಡಿದಾಗುತ್ತ ಹೋಗಿ, ಒಂದು ಹೆಜ್ಜೆಯಲ್ಲಿ ಪಾದದ ಹಿಡಿತ ತಪ್ಪುತ್ತದೆ. ಆ ಜಾಗವೂ ಸ್ಥಿರವಲ್ಲ: ಇಬ್ಬನಿ, ಒಣಗಿದ ಪಾಚಿ, ಸಡಿಲ ಮರಳು ಅದನ್ನು ಹತ್ತಾರು ಅಡಿ ಮೇಲಕ್ಕೆ ಸರಿಸಬಲ್ಲವು. ಹತ್ತುವಾಗ ಹೊಳೆಯದ ಈ ಸತ್ಯ ಇಳಿಯುವಾಗ, ಕಾಲು ಸೋತ ಹೊತ್ತಿಗೆ, ಎದುರಾಗುತ್ತದೆ.

ಹಾಗಾದರೆ ನಿಷೇಧವೇ ಸುರಕ್ಷಿತವಲ್ಲವೇ ಎನ್ನಬಹುದು. 2022ರ ಫೆಬ್ರುವರಿಯಲ್ಲಿ ನಂದಿ ಬೆಟ್ಟದ ಪಕ್ಕದ ಬ್ರಹ್ಮಗಿರಿಯಲ್ಲಿ ಜಾರಿ ಸಿಕ್ಕಿಕೊಂಡ ವಿದ್ಯಾರ್ಥಿಯನ್ನು ಮೇಲೆತ್ತಲು ವಾಯುಪಡೆಯ ಹೆಲಿಕಾಪ್ಟರೇ ಬರಬೇಕಾಯಿತು. ಅಂಥ ಆತಂಕ ಕಂಡವರ ಮಾತನ್ನು ತಳ್ಳಿಹಾಕಲಾಗದು. ನಿಷೇಧ ನ್ಯಾಯವಾಗಿರುವ ಜಾಗವೂ ಇದೆ. 2012ರಲ್ಲಿ ರಣಹದ್ದುಗಳ ಧಾಮವಾದ ರಾಮದೇವರ ಬೆಟ್ಟದಲ್ಲಿ ಬಂಡೆಯ ಅಂಚು ವರ್ಷಕ್ಕೆ ಒಂದೇ ಮೊಟ್ಟೆಯಿಡುವ ಹಕ್ಕಿಯದು, ನಮ್ಮದಲ್ಲ. ಆದರೆ ಎಲ್ಲ ಬೆಟ್ಟಕ್ಕೂ ಬೀಗ ಹಾಕಿದರೆ ಜನ ಕಾವಲಿಲ್ಲದ ಮಗ್ಗುಲಿನಿಂದ ಹತ್ತುತ್ತಾರೆ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನಜಂಗುಳಿ ಕಂಡ ಮೇಲೆ ಆನ್‌ಲೈನ್ ಟಿಕೆಟ್, ದಿನಕ್ಕೆ ಇಷ್ಟೇ ಮಂದಿ ಎಂಬ ಮಿತಿ ಬಂದದ್ದು ಒಳ್ಳೆಯದೇ. ಕಾಡಿನ ಮೇಲಿನ ಹೊರೆ ಅದರಿಂದ ಇಳಿಯುತ್ತದೆ. ಜಾರುವ ಪಾದಕ್ಕೆ ಮಾತ್ರ ಅದರಿಂದ ಏನೂ ತಿಳಿಯದು.

ತಿಳಿಸಲು ದೂರ ಹೋಗಬೇಕಿಲ್ಲ. ಜಯನಗರಕ್ಕೆ ಅಂಟಿಕೊಂಡಂತೆ ಲಾಲ್‌ಬಾಗ್ ಬಂಡೆ ಇದೆ: 300 ಕೋಟಿ ವರ್ಷದ ನೈಸ್ ಶಿಲೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಶಿಲೆ ಬೇರೆಯಾದರೂ ಸಾವನದುರ್ಗದ ಗುಮ್ಮಟದ ಪಾಠವನ್ನು ಅದರ ಮೆತ್ತನೆಯ ಇಳಿಜಾರಿನಲ್ಲಿ ಕಲಿಸಬಹುದು. ಪದರ ಎಲ್ಲಿ ಬಿಟ್ಟಿದೆ, ಪಾಚಿ ಎಲ್ಲಿ ಕಪ್ಪಗಿದೆ, ಇಳಿಯುವಾಗ ಪಾದವನ್ನು ಪೂರ್ತಿ ಊರುವುದು ಹೇಗೆ ಎಂದು ಶಾಲೆಗಳು ಒಂದು ಬೆಳಗಿನಲ್ಲಿ ತೋರಿಸಬಲ್ಲವು. ಮುಂದಿನ ಪಾಠಕ್ಕೆ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ಕಲಿತವರು ಇನ್ನಷ್ಟು ಅಂಚಿಗೆ ಹೋಗುವುದಿಲ್ಲವೇ ಎಂಬ ಭಯ ಸಹಜ. ಕೆಲವರು ಹೋದಾರು. ಆದರೆ ಕಲ್ಲು ಬಲ್ಲವನಿಗೆ ಎಲ್ಲಿಂದ ಹಿಂದಿರುಗಬೇಕೆಂದು ಗೊತ್ತಿರುತ್ತದೆ. ಅರಿಯದವನಿಗೆ ಅದು ಗೊತ್ತಾಗುವುದು ಜಾರಿದ ಮೇಲೆ. ಅಂಚೇ ಕಾಣದ ಬಂಡೆಯಲ್ಲಿ ಗೆರೆ ಎಳೆದುಕೊಳ್ಳಬೇಕಾದ್ದು ಹತ್ತುವವನ ತಿಳಿವಳಿಕೆಯೇ. ಆ ತಿಳಿವಳಿಕೆ ಕೊಡುವುದು ಊರಿನ ಹೊಣೆ.