ಸುದರ್ಶನದ ಒಡೆದ ಏರಿ ಮತ್ತು ಒಪ್ಪದ ಸಚಿವರು

ಜುನಾಗಢದ ಬಳಿ, ಗಿರಿನಾರಿನ ದಾರಿಯಲ್ಲಿರುವ ಒಂದೇ ಬಂಡೆಯ ಮೇಲೆ ಮೂರು ಕಾಲದ ಬರಹಗಳಿವೆ: ಅಶೋಕನ ಹದಿನಾಲ್ಕು ಧರ್ಮಲಿಪಿಗಳು, ಮಹಾಕ್ಷತ್ರಪ ರುದ್ರದಾಮನ ಶಾಸನ ಮತ್ತು ಸ್ಕಂದಗುಪ್ತನ ಕಾಲದ ಶಾಸನ. ಕರ್ಣಪಾರ್ಯನ ‘ನೇಮಿನಾಥಪುರಾಣ’ವನ್ನು ಓದಿದ ಕನ್ನಡಿಗರಿಗೆ ಈ ಬೆಟ್ಟ ಊರ್ಜಯಂತವೆಂದು ಪರಿಚಿತ, ಅದು ನೇಮಿ ತೀರ್ಥಂಕರರ ನಿರ್ವಾಣಭೂಮಿ. ಸಾಹಿತ್ಯದ ವಿದ್ಯಾರ್ಥಿಗಳು ರುದ್ರದಾಮನ ಶಾಸನವನ್ನು ಸಂಸ್ಕೃತ ಗದ್ಯಕಾವ್ಯದ ಮೊದಲ ದೀರ್ಘ ಮಾದರಿಯೆಂದು ಓದುತ್ತಾರೆ. ಸಮಾಸಗಳ ಉದ್ದವನ್ನು ಅಳೆದು, ಅಲಂಕಾರಗಳನ್ನು ಗುರುತಿಸಿ ಮುಗಿಸುತ್ತಾರೆ. ಆ ಸಮಾಸಗಳೊಳಗೆ ಒಂದು ಆಡಳಿತದ ವಿವಾದ ಅಡಗಿದೆ. ಕುಸಿಯುತ್ತಿರುವ ಕೆರೆದಂಡೆಗಳ ತುರ್ತು ದುರಸ್ತಿಗೆ ನಮ್ಮ ನಗರಸಭೆಗಳು ಹಣ ಹುಡುಕುತ್ತಿರುವ ಈ ದಿನಗಳಲ್ಲಿ ಅದನ್ನು ಮತ್ತೆ ಓದಬೇಕಾಗಿದೆ.

ಸುದರ್ಶನ ತಟಾಕವನ್ನು ಕಟ್ಟಿಸಿದವನು ಚಂದ್ರಗುಪ್ತ ಮೌರ್ಯನ ಅಧಿಕಾರಿ ವೈಶ್ಯ ಪುಷ್ಯಗುಪ್ತ. ಅಶೋಕನ ಪರವಾಗಿ ಅದಕ್ಕೆ ಕಾಲುವೆಗಳನ್ನು ಕೂಡಿಸಿದವನು ಯವನರಾಜ ತುಷಾಸ್ಫ. ಶಕವರ್ಷ 72ರ, ಅಂದರೆ ಕ್ರಿ.ಶ. 150ರ ಸುಮಾರಿನ ಮಾರ್ಗಶಿರದಲ್ಲಿ, ಊರ್ಜಯಂತದಿಂದ ಇಳಿಯುವ ಸುವರ್ಣಸಿಕತಾ, ಪಲಾಶಿನಿ ಮೊದಲಾದ ಹೊಳೆಗಳು ಬಿರುಮಳೆಗೆ ಉಕ್ಕಿ ಏರಿಯನ್ನು ಸೀಳಿದವು. ಬಿರುಕಿನ ಉದ್ದ 420 ಹಸ್ತ, ಅಗಲವೂ ಅಷ್ಟೇ, ಆಳ 75 ಹಸ್ತ. ನೀರೆಲ್ಲ ಹರಿದುಹೋಗಿ, ಸುದರ್ಶನವು ಮರುಭೂಮಿಯಂತೆ ‘ದುರ್ದರ್ಶನ’ವಾಯಿತೆಂದು ಶಾಸನಕವಿ ಹೇಳುತ್ತಾನೆ.

ಮುಂದಿನ ಮಾತು ಹೆಚ್ಚು ಮುಖ್ಯವಾದುದು. ರುದ್ರದಾಮನ ಮತಿಸಚಿವರೂ ಕರ್ಮಸಚಿವರೂ, ಎಂದರೆ ಆಲೋಚನೆ ಹೇಳುವವರೂ ಕೆಲಸ ನಡೆಸುವವರೂ, ಬಿರುಕಿನ ಗಾತ್ರವನ್ನು ಕಂಡು ಉತ್ಸಾಹ ಕಳೆದುಕೊಂಡು ದುರಸ್ತಿಯನ್ನು ವಿರೋಧಿಸಿದರು. ಏರಿ ಮತ್ತೆ ಏಳದೆಂದು ಪ್ರಜೆಗಳು ಹಾಹಾಕಾರ ಮಾಡಿದರು. ಆಗ ಆನರ್ತ-ಸುರಾಷ್ಟ್ರಗಳ ಆಡಳಿತದಲ್ಲಿದ್ದ ಪಹ್ಲವ ಸುವಿಶಾಖನು ಕೆಲಸವನ್ನು ಮಾಡಿ ಮುಗಿಸಿದನು. ಅವನಿಗೆ ಸಂದ ವಿಶೇಷಣಗಳಲ್ಲಿ ‘ಅಹಾರ್ಯ’ ಎಂಬುದೊಂದು: ಆಮಿಷಕ್ಕೆ ಒಲಿಯದವನು. ಪುರಜನ, ಜಾನಪದರನ್ನು ಕರ, ವಿಷ್ಟಿ, ‘ಪ್ರಣಯ’ಗಳಿಂದ, ಅಂದರೆ ತೆರಿಗೆ, ಬಿಟ್ಟಿದುಡಿಮೆ, ಒತ್ತಾಯದ ಕಾಣಿಕೆಗಳಿಂದ ಪೀಡಿಸದೆ, ಅರಸನ ಸ್ವಂತ ಕೋಶದಿಂದಲೇ ವೆಚ್ಚವನ್ನು ಭರಿಸಲಾಯಿತೆಂದು ಶಾಸನ ಸ್ಪಷ್ಟಪಡಿಸುತ್ತದೆ.

ಇದು ಪ್ರಶಸ್ತಿ, ಸಚಿವರ ಹಿಂಜರಿಕೆಯನ್ನು ಹೇಳಿದ್ದು ಅರಸನ ಎತ್ತರವನ್ನು ಹೆಚ್ಚಿಸಲಿಕ್ಕೆ ಎಂದು ಆಕ್ಷೇಪಿಸಬಹುದು. ಒಪ್ಪತಕ್ಕ ಮಾತೇ. ಆದರೆ ಕವಿ ಆ ಸಚಿವರನ್ನು ಹೀಗಳೆದಿಲ್ಲ. ಅವರು ಅಮಾತ್ಯಗುಣಗಳುಳ್ಳವರೆಂದೇ ಹೇಳಿದ್ದಾನೆ. ಯೋಗ್ಯರೂ ವಿರೋಧಿಸಬಹುದಾದಷ್ಟು ದೊಡ್ಡ ನಿರ್ಣಯವಿದು ಎಂಬುದನ್ನು ಹೊಗಳಿಕೆಯ ನಡುವೆಯೂ ಬರೆದಿಟ್ಟಿದ್ದಾನೆ. ಅಳತೆ, ವಿರೋಧ, ಹೊಣೆಗಾರನ ಹೆಸರು, ಹಣದ ಮೂಲ ಈ ನಾಲ್ಕೂ ಬಂಡೆಯ ಮೇಲಿವೆ. ಇಂದಿನ ತುರ್ತು ಠರಾವುಗಳಲ್ಲಿ ಇವೆಲ್ಲವೂ ಒಟ್ಟಿಗೆ ಸಿಗುವುದು ವಿರಳ. ಕರ್ನಾಟಕದ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯ ಅಧಿನಿಯಮವೂ ಪ್ರಕೃತಿವಿಕೋಪದ ಹೊತ್ತಿನಲ್ಲಿ ಟೆಂಡರ್ ನಿಯಮಗಳನ್ನು ಸಡಿಲಿಸುತ್ತದೆ. ಅದು ಅಗತ್ಯವೇ, ಏರಿ ಕುಸಿಯುವಾಗ ಕಡತ ಕಾಯಲಾಗದು. ಆದರೆ ತುರ್ತು ಎಂಬ ಮಾತು ಪ್ರಶ್ನೆಗಳನ್ನು ಮುಚ್ಚುವ ಬಾಗಿಲೂ ಆಗಬಲ್ಲದು.

ಹಾಗೆಂದು ರುದ್ರದಾಮನನ್ನೇ ಆದರ್ಶವೆಂದು ನಿಲ್ಲಿಸುವುದೂ ಸಲ್ಲದು. ಅದೇ ಬಂಡೆಯ ಮೂರನೆಯ ಬರಹ ಇದಕ್ಕೆ ಸಾಕ್ಷಿ. ಗುಪ್ತವರ್ಷ 136ರ, ಅಂದರೆ ಕ್ರಿ.ಶ. 455ರ ಸುಮಾರಿನ ಭಾದ್ರಪದದ ಒಂದು ರಾತ್ರಿ ಸುದರ್ಶನ ಮತ್ತೆ ಒಡೆಯಿತು. ಏನು ಮಾಡುವುದು, ಹೇಗೆ ಮಾಡುವುದು ಎಂದು ಜನ ನಿದ್ದೆಗೆಟ್ಟು ಚಿಂತಿಸಿದರೆಂದು ಕವಿ ವರ್ಣಿಸುತ್ತಾನೆ. ಸುರಾಷ್ಟ್ರದ ಅಧಿಪತಿ ಪರ್ಣದತ್ತನ ಮಗ, ನಗರದ ಆಡಳಿತ ಹೊತ್ತಿದ್ದ ಚಕ್ರಪಾಲಿತ, ಮರುವರ್ಷ ಅದನ್ನು ಕಟ್ಟಿಸಿದನು. ಎರಡು ಶಾಸನಗಳೂ ಅಪಾಯದ ಘಳಿಗೆಯ ಔದಾರ್ಯವನ್ನು ಕೊಂಡಾಡುತ್ತವೆ; ನಡುವಿನ ಮುನ್ನೂರು ವರ್ಷ ಏರಿಯನ್ನು ಯಾರು ನೋಡಿಕೊಂಡರೆಂಬುದನ್ನು ಹೇಳುವುದಿಲ್ಲ.

ಆ ಮೌನವನ್ನು ತುಂಬುವ ಮಾತುಗಳು ಕನ್ನಡ ನಾಡಿನ ಶಾಸನಗಳಲ್ಲಿವೆ. ಕೆರೆಯ ಕೆಳಗಿನ ಭೂಮಿಯನ್ನು ಕೆರೆಯ ಕೆಲಸಕ್ಕಾಗಿಯೇ ಬಿಟ್ಟುಕೊಡುವ ‘ಬಿತ್ತುವಟ್ಟ’, ಹೂಳು-ಮಣ್ಣು ಸಾಗಿಸುವ ಬಂಡಿಗಳಿಗಾಗಿ ಬಿಟ್ಟ ದತ್ತಿ, ಇವು ನಿತ್ಯದ ಆರೈಕೆಗೆ ಮಾಡಿಟ್ಟ ಏರ್ಪಾಟುಗಳು. ಜಿನಾಲಯಗಳ ದಾನಶಾಸನಗಳಲ್ಲಿ ಮತ್ತೆ ಮತ್ತೆ ಬರುವ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ನುಡಿಗಟ್ಟನ್ನೇ ಗಮನಿಸಿ. ಎಷ್ಟೋ ಬಸದಿಗಳಿಗೆ ಪೂಜೆ, ಆಹಾರದಾನಗಳ ಜೊತೆಯಲ್ಲಿ ಮುಂದೆ ಒಡೆಯಲಿರುವುದಕ್ಕೂ ಬಿರಿಯಲಿರುವುದಕ್ಕೂ ಭೂಮಿ ಮೀಸಲಾಗಿದೆ. ಕಟ್ಟಿದ್ದು ಜೀರ್ಣವಾಗುತ್ತದೆ ಎಂಬ ಅನಿತ್ಯದ ಅರಿವು ಅಲ್ಲಿ ವೈರಾಗ್ಯದ ಮಾತಾಗಿ ಉಳಿಯದೆ ಲೆಕ್ಕದ ಬಾಬಾಗಿದೆ. ಕೊಡುವುದಕ್ಕಿಂತ ಕೊಟ್ಟುದನ್ನು ಕಾಯುವುದು ಮೇಲೆಂದು ಶಾಸನಗಳ ಕೊನೆಯ ಶ್ಲೋಕಗಳು ಸಾರುವುದೂ ಇದೇ ಅರ್ಥದಲ್ಲಿ.

ಆದ್ದರಿಂದ ದಂಡೆ ಜಾರುತ್ತಿರುವಾಗ ನಗರಸಭೆ ತಡಮಾಡದೆ ದುರಸ್ತಿಗೆ ಒಪ್ಪಬೇಕೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದೇ ಠರಾವಿನಲ್ಲಿ ವಿರೋಧಿಸಿದವರ ಕಾರಣಗಳು, ಹಣ ತೆರುವವರು ಯಾರೆಂಬುದು, ಹೊಣೆ ಹೊತ್ತವರ ಹೆಸರು ದಾಖಲಾಗಬೇಕು; ಮುಂದಿನ ವರ್ಷಗಳ ಆರೈಕೆಗೆ ಬೇರೆಡೆಗೆ ತಿರುಗಿಸಲಾಗದ ಮೊತ್ತವೊಂದು ಮೀಸಲಾಗಬೇಕು. ಮೊದಲ ಮೂರನ್ನು ಊರ್ಜಯಂತದ ಬಂಡೆಯಿಂದ ಕಲಿಯಬಹುದು. ನಾಲ್ಕನೆಯದನ್ನು ಕಲಿಯಲು ನಮ್ಮ ಊರ ಕೆರೆಯ ಏರಿಯ ಮೇಲೆ ನಿಂತ ಕಲ್ಲುಗಳನ್ನು ಓದಿದರೆ ಸಾಕು.