ತಾಮ್ರದ ಸೂರು ತೋಟದ ಮನೆಗೆ ಬೇಡ

ತೋಟದಲ್ಲಿ ಹೊಸ ಮನೆ ಕಟ್ಟೋ ಗೆಳೆಯರು ಈಚೆಗೆ ತಾಮ್ರದ ಸೂರು, ತಾಮ್ರದ ಗಟರ್ ಫೋಟೋ ಕಳಿಸಿ ‘ಹಾಕಿಸಲಾ?’ ಅಂತ ಕೇಳ್ತಾರೆ. ಕರಾವಳಿಯ ಎಷ್ಟೋ ಗರ್ಭಗುಡಿಗಳ ಮೇಲೆ ತಾಮ್ರದ ಹೊದಿಕೆ ಇದೆ. ಕಬ್ಬಿಣದ ಹಾಗೆ ತುಕ್ಕು ಹಿಡಿಯಲ್ಲ, ತಲೆಮಾರುಗಟ್ಟಲೆ ಬಾಳುತ್ತೆ ಅನ್ನೋದೂ ನಿಜ. ಆದರೆ ಸೂರಿನ ನೀರು ಕೃಷಿಹೊಂಡಕ್ಕೋ ತೋಟಕ್ಕೋ ಹೋಗೋದಾದರೆ ಬೇಡ ಅಂತಲೇ ನಾನು ಹೇಳೋದು.

ಪ್ರತಿ ಮಳೆಗೂ ತಾಮ್ರ ಚೂರು ಚೂರೇ ಕರಗಿ ನೀರಿನ ಜೊತೆ ಇಳಿಯುತ್ತೆ. ಹೊಂಡದ ಮೀನಿಗೆ ಅದು ತೀರಾ ಕಡಿಮೆ ಪ್ರಮಾಣದಲ್ಲೂ ವಿಷ. ಮಣ್ಣಿಗೆ ಸೇರಿದರೆ ಮೇಲ್ಪದರದಲ್ಲೇ ಕೂತುಬಿಡುತ್ತೆ, ಹೆಚ್ಚಾದರೆ ಎರೆಹುಳು ಉಳಿಯಲ್ಲ. ಅಡಿಕೆ ಕೊಳೆರೋಗಕ್ಕೆ ಹೊಡೆಯೋ ಶೇ 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ ಇರುತ್ತೆ. ವರ್ಷಾವರ್ಷ ಹೀಗೆ ತಾಮ್ರ ಉಂಡ ಮಣ್ಣಿಗೆ ಸೂರಿಂದಲೂ ಸುರಿಯಬೇಕಾ?

ಇನ್ನೊಂದು ಮಾತು. ತಾಮ್ರದ ಮೇಲಿಂದ ಹರಿದ ನೀರು ಜಿಂಕ್ ಶೀಟ್ ಅಥವಾ ಜಿ.ಐ. ಗಟರ್ ಮೇಲೆ ಬಿದ್ದರೆ ಅವು ಬೇಗ ತೂತಾಗುತ್ತವೆ.

ಆ ದುಡ್ಡನ್ನ ನೀರು ಹಿಡಿಯೋಕೆ ಹಾಕಿ. 100 ಚದರ ಮೀಟರ್ ಸೂರಿನ ಮೇಲೆ 1 ಮಿ.ಮೀ. ಮಳೆ ಅಂದ್ರೆ 100 ಲೀಟರ್, 1,000 ಮಿ.ಮೀ. ಮಳೆಗೆ 1 ಲಕ್ಷ ಲೀಟರ್. ಸ್ವಲ್ಪ ಸೋರಿ, ಆರಿ ಹೋದರೂ ದೊಡ್ಡ ಲೆಕ್ಕವೇ. ಹೆಂಚಿನ ಸೂರು, ಅಗಲವಾದ ಪಿವಿಸಿ ಗಟರ್, ಮೊದಲ ಮಳೆಯ ಕೊಳೆ ಹೊರಬಿಡೋ ವಾಲ್ವ್, ಒಂದು ಫಿಲ್ಟರ್ ಇದ್ದರೆ ಸಾಕು. ಈಗಾಗಲೇ ತಾಮ್ರ ಹಾಕಿಸಿದ್ದೀರಾ? ಅದರ ಪೈಪನ್ನು ಮೀನು ಬಿಟ್ಟಿರೋ ಹೊಂಡದ ಕಡೆ ಮಾತ್ರ ತಿರುಗಿಸಬೇಡಿ.